ನಿಮ್ಮ ಊರು ಯಾವುದು? ಒಂದು ಬೂತ್, ನಾಲ್ವರು ಗೆಳೆಯರು, ಒಂದು ಖಾಲಿ ನಕ್ಷೆ

(ಈ ಸಂಚಿಕೆಯ ಬರಹ ರೂಪ ಇದು. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇವೆ.)

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಿರುವವರಿಗೆ, ಹಾಸ್ಟೆಲಲ್ಲಿ ಬಟ್ಟೆ ಒಗೀತಾ ಕೇಳ್ತಿರುವವರಿಗೆ, ಎಲ್ಲರಿಗೂ ಸ್ವಾಗತ. ಇವತ್ತು ಅತಿಥಿ ಯಾರೂ ಇಲ್ಲ, ನಾನೊಬ್ಬನೇ ಮಾತಾಡೋದು. ವಿಷಯ ಎಂತ ಅಂದ್ರೆ, ನಾವು ನಾಲ್ಕು ಜನ ಗೆಳೆಯರು ಬೆಂಗಳೂರಿನ ಒಂದು ಓಪನ್ ಸೋರ್ಸ್ ಸಮ್ಮೇಳನಕ್ಕೆ ಹೋಗಿ ಎರಡು ದಿನ ಒಂದು ಮೇಜಿನ ಹಿಂದೆ ನಿಂತು ಬಂದ ಕಥೆ. ಅಲ್ಲಿ ನಮಗೆ ಒಳ್ಳೇ ಮುಖಭಂಗ ಆಯ್ತು. ನಿಜ ಹೇಳ್ಬೇಕಂದ್ರೆ ಆ ಮುಖಭಂಗದ ಬಗ್ಗೆ ಹೇಳ್ಲಿಕ್ಕೇ ಈ ಸಂಚಿಕೆ.

ಮೊದಲು ನಾಲ್ವರು ಯಾರು ಅಂತ ಹೇಳ್ತೇನೆ. ಹೆಸರು ಬೇಡ. ನಮ್ಮ ಕಡೆ ಊರಿನ ಹೆಸರಲ್ಲೇ ಕರೆಯೋದು ಹೇಗೂ ಅಭ್ಯಾಸ. ಒಬ್ಬ ಕಾಪು, ಒಬ್ಬಳು ಕಾರ್ಕಳ, ನಾನು ಉಡುಪಿ. ನಾಲ್ಕನೆಯವ ಮಣಿಪಾಲ. ಅವನ ಸ್ವಂತ ಊರು ಗದಗ, ಓದ್ಲಿಕ್ಕೆ ಬಂದವ ಇಲ್ಲೇ ಉಳಿದುಬಿಟ್ಟ. ಕೇಳಿದ್ರೆ, "ನಾ ಮಣಿಪಾಲದಾಂವ ಅಲ್ಲೋ, ಆದ್ರ ಮಣಿಪಾಲ ನನ್ನ ಬಿಡವಲ್ದು" ಅಂತಾನೆ.

ಸಮ್ಮೇಳನದ ಹೆಸರು ಇಂಡಿಯಾಫಾಸ್. ಫಾಸ್ ಯುನೈಟೆಡ್ ಎಂಬ ಸಂಸ್ಥೆ ಬೆಂಗಳೂರಿನಲ್ಲಿ ನಡೆಸುವುದು. ಬೆಂಗಳೂರಿಗೆ ಇಂಥದ್ದು ಹೊಸದೇನಲ್ಲ. 2001ರಲ್ಲೇ ಅಲ್ಲಿ 'ಲಿನಕ್ಸ್ ಬೆಂಗಳೂರು' ಶುರುವಾಗಿತ್ತು, ಅದೇ 2005ರಿಂದ 'ಫಾಸ್ ಡಾಟ್ ಇನ್' ಎಂಬ ಹೆಸರಲ್ಲಿ 2012ರವರೆಗೆ ನಡೀತು. ನಾವು ಹೋದದ್ದು 2024ರಲ್ಲಿ, ನಿಮ್ಹಾನ್ಸ್ ಕನ್ವೆನ್ಷನ್ ಸೆಂಟರಿಗೆ. ತಾರೀಖು ಸೆಪ್ಟೆಂಬರ್ 7 ಮತ್ತು 8. ಕ್ಯಾಲೆಂಡರ್ ನೆನಪಿದ್ದವರಿಗೆ ಈಗಲೇ ಗೊತ್ತಾಗಿರ್ತದೆ. ಸೆಪ್ಟೆಂಬರ್ 7 ಅಂದ್ರೆ ಆ ವರ್ಷದ ಚೌತಿ.

ಮನೆಯಲ್ಲಿ ಹೇಳಿದಾಗ ಅಮ್ಮ ಒಂದು ನಿಮಿಷ ಮಾತಾಡ್ಲಿಲ್ಲ. ಆಮೇಲೆ ಕೇಳಿದ್ರು, "ಸಂಬಳ ಎಷ್ಟು ಕೊಡ್ತಾರೆ?"

"ಸಂಬಳ ಇಲ್ಲಮ್ಮ. ವಾಲಂಟಿಯರ್."

"ಪುಕ್ಕಟೆ ಚಾಕರಿಗೆ ಚೌತಿ ಬಿಟ್ಟು ಹೋಗ್ಬೇಕಾ?"

ನಾನು ಬಹಳ ಜಾಣನ ಹಾಗೆ ಹೇಳಿದೆ, "ನೀನು ದೇವಸ್ಥಾನದ ಉತ್ಸವಕ್ಕೆ ಹಿಂದಿನ ರಾತ್ರಿಯೇ ತರಕಾರಿ ಹೆಚ್ಲಿಕ್ಕೆ ಹೋಗ್ತೀಯಲ್ಲ, ಅದಕ್ಕೆಷ್ಟು ಸಂಬಳ?"

ಅಮ್ಮ ಬಿಡ್ಲಿಲ್ಲ. "ನಾನು ಹೆಚ್ಚಿದ ಸೌತೆ ಮರುದಿನ ಊರಿನವರ ಎಲೆಗೆ ಬೀಳ್ತದೆ. ನಿನ್ನದು ಯಾರ ಎಲೆಗೆ ಬೀಳ್ತದೆ?"

ನನ್ನ ಹತ್ರ ಉತ್ತರ ಇರ್ಲಿಲ್ಲ. ಚಕ್ಕುಲಿ ಡಬ್ಬ ತಗೊಂಡು ಬಸ್ ಹತ್ತಿದೆ. ಆ ಮಳೆಗಾಲ ಶಿರಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗಿದ್ದು ನಿಮಗೆ ನೆನಪಿರಬಹುದು. ನಾವು ಹೋಗುವಾಗ ದಾರಿ ತೆರೆದಿತ್ತು. ಎದುರಿನಿಂದ ಊರಿಗೆ ಬರುವ ಬಸ್ಸುಗಳೆಲ್ಲ ತುಂಬಿ ತುಳುಕ್ತಾ ಇದ್ವು. ಬೆಂಗಳೂರಿಗೆ ಹೋಗುವ ನಮ್ಮ ಬಸ್ ಮಾತ್ರ ಅರ್ಧ ಖಾಲಿ.

ಮೇಜಿನ ಹಿಂದೆ

ನಮ್ಮ ಕೆಲಸ ಇಷ್ಟೇ: ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಊರಿನ ಹೆಸರುಗಳನ್ನು ಕನ್ನಡದಲ್ಲಿ ಸೇರಿಸೋದು ಹೇಗೆ ಅಂತ ಬಂದವರಿಗೆ ತೋರಿಸೋದು. ಗೊತ್ತಿಲ್ಲದವರಿಗೆ ಹೇಳ್ತೇನೆ. ಓಪನ್‌ಸ್ಟ್ರೀಟ್‌ಮ್ಯಾಪ್ 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಎಂಬವರು ಶುರು ಮಾಡಿದ ನಕ್ಷೆ. ವಿಕಿಪೀಡಿಯದ ಹಾಗೆ ಇದನ್ನೂ ಜನರೇ ತಿದ್ದುತ್ತಾರೆ. 2010ರಲ್ಲಿ ಹೈಟಿಯಲ್ಲಿ ಭೂಕಂಪ ಆದಾಗ, ಬೇರೆ ಬೇರೆ ದೇಶದ ಜನ ಮನೆಯಲ್ಲೇ ಕೂತು ಉಪಗ್ರಹ ಚಿತ್ರ ನೋಡಿ ಅಲ್ಲಿನ ರಸ್ತೆಗಳನ್ನು ಗೆರೆ ಎಳೆದು ಕೊಟ್ರು. 2018ರ ಕೇರಳದ ನೆರೆ ಸಮಯದಲ್ಲೂ ಹೀಗೆ ಕೆಲಸ ನಡೀತು.

ಓಪನ್ ಸೋರ್ಸ್ ಅಂದ್ರೆ ಧರ್ಮಕ್ಕೆ ಸಿಗುವ ಸಾಫ್ಟ್‌ವೇರ್ ಅಂತ ತುಂಬ ಜನ ತಿಳ್ಕೊಂಡಿದ್ದಾರೆ. ಕಾಪು ಅದಕ್ಕೊಂದು ಹೋಲಿಕೆ ಕೊಡ್ತಿದ್ದ. ನಮ್ಮ ಊರುಗಳಲ್ಲಿ ತೋಡಿಗೆ ಅಡ್ಡ ಕಾಲುಸಂಕ ಇರ್ತದಲ್ಲ, ಅಡಿಕೆ ಮರದ್ದು? ಅದರ ಮೇಲೆ ಯಾರೂ ನಡೆಯಬಹುದು. ಹೇಗೆ ಕಟ್ಟಿದ್ದಾರೆ ಅಂತ ನಿಂತು ನೋಡಬಹುದು. ಒಂದು ಮರ ಲಡ್ಡಾದ್ರೆ ಯಾರು ಬೇಕಾದ್ರೂ ಬದಲಿಸಬಹುದು. ಅದನ್ನೇ ನೋಡಿ ಕೆಳಗಿನ ತೋಡಿಗೂ ಒಂದು ಕಟ್ಟಬಹುದು. ಆದ್ರೆ ಸಂಕಕ್ಕೆ ಗೇಟು ಹಾಕಿ ಬೀಗ ಜಡಿಯುವ ಹಕ್ಕು ಯಾರಿಗೂ ಇಲ್ಲ. ನಕ್ಷೆಯ ಲೈಸೆನ್ಸ್ ಕೂಡ ಹೆಚ್ಚುಕಡಿಮೆ ಹಾಗೇ. ಮಾಹಿತಿ ತಗೊಳ್ಳಿ, ಎಲ್ಲಿಂದ ತಗೊಂಡದ್ದು ಅಂತ ಹೇಳಿ, ನೀವು ಆ ಮಾಹಿತಿಯನ್ನು ತಿದ್ದಿ ಬೆಳೆಸಿ ಹೊರಗೆ ಕೊಟ್ಟರೆ ಅದನ್ನೂ ಎಲ್ಲರಿಗೂ ತೆರೆದಿಡಿ.

ಬೂತಿನ ಕೆಲಸ ಸುಲಭ ಅಂತ ಅಂದ್ಕೊಂಡಿದ್ದೆ. ಅಲ್ಲ ಮಾರಾಯ್ರೆ! ಮೊದಲ ಎರಡು ಗಂಟೆ ನಾನು ಬಂದವರಿಗೆಲ್ಲ ಕೇಳಿದ ಮೊದಲ ಪ್ರಶ್ನೆ, "ನಿಮಗೆ ಕೋಡಿಂಗ್ ಬರ್ತದಾ?" ಬರ್ತದೆ ಅಂದವರು ನನಗಿಂತ ಹತ್ತು ಪಟ್ಟು ಹೆಚ್ಚು ಗೊತ್ತಿದ್ದವರು. ಬರುವುದಿಲ್ಲ ಅಂದವರು ಸ್ಟಿಕ್ಕರ್ ತಗೊಂಡು ಮೆಲ್ಲ ಜಾರಿದ್ರು. ಎರಡೂ ಕಡೆಯಿಂದ ಮಾತು ಅಲ್ಲಿಗೇ ಮುಗೀತು.

ಕಾರ್ಕಳ ಇದನ್ನೆಲ್ಲ ನೋಡ್ತಾ ಇದ್ದಳು. "ನೀನು ಇಂಟರ್‌ವ್ಯೂ ಮಾಡ್ತಿದ್ದೀಯಾ? ಸರಿ ಆಚೆ" ಅಂತ ನನ್ನನ್ನು ಪಕ್ಕಕ್ಕೆ ತಳ್ಳಿ ಮುಂದೆ ಬಂದಳು. ಅವಳು ಕೇಳಿದ ಪ್ರಶ್ನೆ, "ನಿಮ್ಮ ಊರು ಯಾವುದು?" ಅಷ್ಟೇ. ಹಾವೇರಿ ಅಂದ್ರೆ ಹಾವೇರಿ ತೆಗೆದು ತೋರಿಸುವುದು, ಹೊಸದುರ್ಗ ಅಂದ್ರೆ ಹೊಸದುರ್ಗ. ಜನ ಬಗ್ಗಿ ನೋಡ್ಲಿಕ್ಕೆ ಶುರು. "ಇಲ್ಲೊಂದು ಕೆರೆ ಇತ್ತಲ್ಲ?" "ನಮ್ಮ ಶಾಲೆ ಎಲ್ಲಿ?" "ಇದು ಬಸ್ ಸ್ಟಾಂಡ್ ಅಲ್ಲ, ಸಂತೆ ಮೈದಾನ." ಹತ್ತು ನಿಮಿಷದಲ್ಲಿ ನಮ್ಮ ಮೇಜಿನ ಮುಂದೆ ಸಾಲು.

ಒಬ್ಬ ಹುಡುಗ, ಇನ್ನೂ ಪಿಯುಸಿ ಇರಬೇಕು, ಕನ್ನಡದಲ್ಲಿ ಟೈಪ್ ಮಾಡೋದು ಹೇಗೆ ಅಂತ ಕೇಳಿದ. ಆಗ ಮಣಿಪಾಲ ಖುಷಿಯಲ್ಲಿ ಕೆ.ಪಿ. ರಾವ್ ಅವರ ಕಥೆ ಹೇಳಿದ. ಕಿನ್ನಿಕಂಬಳ ಪದ್ಮನಾಭ ರಾವ್. ಮುದ್ರಣದ ಅಕ್ಷರ ಜೋಡಣೆಯ ಲೋಕದಿಂದ ಬಂದವರು, ಮಣಿಪಾಲದಲ್ಲಿ ಪಾಠ ಮಾಡಿದವರು. ಇಂಗ್ಲಿಷ್ ಕೀಲಿಮಣೆಯಲ್ಲೇ ಉಚ್ಚಾರದ ತರ್ಕ ಹಿಡಿದು ಕನ್ನಡ ಟೈಪ್ ಮಾಡುವ ವಿನ್ಯಾಸ ಅವರದ್ದು. 'ಕೆ' ಒತ್ತಿದ್ರೆ ಕ, ಶಿಫ್ಟ್ ಹಿಡಿದು ಒತ್ತಿದ್ರೆ ಖ, ಒತ್ತಕ್ಷರ ಬೇಕಾದ್ರೆ ನಡುವೆ 'ಎಫ್'. 'ಸೇಡಿಯಾಪು' ಅಂತ ಒಂದು ತಂತ್ರಾಂಶ ಮಾಡಿ ಹಣ ಕೇಳದೆ ಹಂಚಿದ್ರು. ಹೆಸರು ಇಟ್ಟದ್ದು ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ. ಮುಂದೆ 'ನುಡಿ'ಯಲ್ಲಿ ಬಂದದ್ದೂ, ಸರ್ಕಾರ ಒಪ್ಪಿದ್ದೂ ಇದೇ ವಿನ್ಯಾಸ. ಹುಡುಗ ಕೇಳಿದ, "ಪೇಟೆಂಟ್ ಮಾಡಿದ್ರೆ ಎಷ್ಟು ದುಡ್ಡು ಬರ್ತಿತ್ತು ಅಲ್ವಾ ಅಣ್ಣ?" ಮಣಿಪಾಲ ಅಂದ, "ಬರ್ತಿತ್ತೇನೋ ತಮ್ಮಾ. ಆದ್ರ ಈಗ ನೀನು ಟೈಪ್ ಮಾಡಾಕ ಯಾರನ್ನೂ ಕೇಳಬೇಕಾಗಿಲ್ಲ ನೋಡು."

ನನಗೆ ಹೆಮ್ಮೆ ಅನ್ನಿಸ್ತು. ಆ ಹೆಮ್ಮೆ ಇದ್ದದ್ದು ಮಧ್ಯಾಹ್ನ ಊಟದವರೆಗೆ.

ಮುಖಭಂಗ

ಊಟ ಮುಗಿಸಿ ಬರುವಾಗ ಮೇಜಿನ ಹತ್ರ ಒಬ್ಬರು ಅಮ್ಮ ನಿಂತಿದ್ರು, ಅರವತ್ತರ ಆಸುಪಾಸು. ಮಗಳ ಜೊತೆ ಬಂದವರು. ಕಾರ್ಕಳ ನಿತ್ಯದ ಹಾಗೆ ಊರು ಕೇಳಿದಳು. ಅವರು "ಕಾರ್ಕಳ" ಅಂದದ್ದೇ, ಇವಳು ಕುಣಿದುಬಿಟ್ಟಳು. "ಯಾನ್‌ಲಾ ಕಾರ್ಲದಾಲೇ!" ಅಂತ ತುಳುವಿನಲ್ಲಿ ಶುರು. ನಾನೂ ಕಾರ್ಕಳದವಳೇ ಅಂತ. ಮದುವೆಯಾಗಿ ಮೂವತ್ತು ವರ್ಷದಿಂದ ಬೆಂಗಳೂರಲ್ಲಿ ಇರುವವರು ಅವರು. ತುಳು ಕೇಳಿದ್ದೇ ಮುಖ ಅರಳಿತು.

ನಾವು ಉತ್ಸಾಹದಲ್ಲಿ ಕಾರ್ಕಳ ತೆಗೆದೆವು. ಬೆಟ್ಟದ ಮೇಲೆ ಗೊಮ್ಮಟ, 1432ರಲ್ಲಿ ನಿಲ್ಲಿಸಿದ್ದು, 42 ಅಡಿ. ಈಚೆಗೆ ಚತುರ್ಮುಖ ಬಸದಿ. ಆನೆಕೆರೆ. ಎಲ್ಲ ಉಂಟು. ಅವರು ಹೇಳಿದ್ರು, "ಅದೆಲ್ಲ ಇರ್ತದೆ ಮಗಾ. ನನ್ನ ತಾಯಿ ಮನೆ ಕಡೆ ಹೋಗು." ಪೇಟೆ ಬಿಟ್ಟು ಒಳಗೆ ಹೋದೆವು. ಒಂದು ಡಾಂಬರು ರಸ್ತೆ, ಅದಕ್ಕೆ ಹೆಸರಿಲ್ಲ. ಆಮೇಲೆ ಬರೀ ಖಾಲಿ. ದಾರಿ ಇಲ್ಲ, ತೋಡು ಇಲ್ಲ, ಶಾಲೆ ಇಲ್ಲ, ದೈವಸ್ಥಾನ ಇಲ್ಲ. ದೊಡ್ಡದು ಮಾಡಿದಷ್ಟೂ ಖಾಲಿ ದೊಡ್ಡದಾಗ್ತಾ ಹೋಯ್ತು.

ಅವರು ಸ್ವಲ್ಪ ಹೊತ್ತು ನೋಡಿದ್ರು. ಬೇಸರದಲ್ಲಿ ಅಲ್ಲ, ನಿಜವಾಗಿ ಅರ್ಥವಾಗದೆ ಕೇಳಿದ್ರು, "ಅಲ್ಲ ಮಕ್ಕಳೇ, ಅಷ್ಟು ದೂರದಿಂದ ಚೌತಿ ಬಿಟ್ಟು ಬಂದು ಇವರಿಗೆಲ್ಲ ಕಲಿಸ್ತಿದ್ದೀರಿ. ನಿಮ್ಮ ಊರೇ ಇದರಲ್ಲಿ ಇಲ್ವಲ್ಲ?"

ನಾವು ನಾಲ್ವರೂ ಸುಮ್ಮನೆ ನಿಂತೆವು. "ಯಾರಾದ್ರೂ ಸೇರಿಸಬೇಕಷ್ಟೆ ಅಮ್ಮ" ಅಂತ ನಾನು ಹೇಳಿದೆ. ಹೇಳಿದ ಕೂಡಲೇ ಆ 'ಯಾರಾದ್ರೂ' ಯಾರು ಅಂತ ನನಗೇ ಗೊತ್ತಾಯ್ತು. ಅವರು ಹೋದ ಮೇಲೆ ನಮ್ಮ ಊರುಗಳನ್ನು ಒಂದೊಂದಾಗಿ ತೆಗೆದು ನೋಡಿದೆವು. ಮಣಿಪಾಲದಲ್ಲಿ ಹಾಸ್ಟೆಲ್, ಕ್ಯಾಂಟೀನ್, ಕಟ್ಟಡ ಎಲ್ಲ ನೀಟಾಗಿ ಉಂಟು. ಕಾಪುವಿನಲ್ಲಿ 1901ರ ಲೈಟ್‌ಹೌಸ್ ಉಂಟು, ಹೆದ್ದಾರಿ ಉಂಟು. ಕಾಪುವಿನ ಒಳಗೆ, ಅವನ ಮನೆ ಕಡೆ ಹೋದ್ರೆ, ಮತ್ತೆ ಅದೇ ಖಾಲಿ. ಕಂಪ್ಯೂಟರ್ ಇಟ್ಕೊಂಡವರು ಓಡಾಡುವ ಜಾಗ ಮಾತ್ರ ನಕ್ಷೆಯಲ್ಲಿತ್ತು. ನನ್ನದೇ ಓಣಿಯನ್ನು ಕೂಡ ನಾನು ಹಾಕಿರ್ಲಿಲ್ಲ. ಆದ್ರೂ ಬೆಳಿಗ್ಗೆಯಿಂದ "ನೀವೇ ಮಾಡಬಹುದು, ತುಂಬಾ ಸುಲಭ" ಅಂತ ಭಾಷಣ ಮಾಡ್ತಿದ್ದೆ.

ಕಾಪು ಹೇಳಿದ್ದು

ಸಂಜೆ ಬೂತ್ ಕಟ್ಟಿಟ್ಟು ಹೊರಗೆ ಟೀ ಕುಡೀತಾ ಕೂತಿದ್ದೆವು. ಕಾಪು ಕಮ್ಮಿ ಮಾತಿನವ. ಅವನು ಯಾಕೆ ಈ ನಕ್ಷೆ ಹುಚ್ಚಿಗೆ ಬಿದ್ದ ಅಂತ ನಾವು ಯಾವತ್ತೂ ಕೇಳಿರ್ಲಿಲ್ಲ. ಆವತ್ತು ಅವನಾಗಿ ಹೇಳಿದ.

ಎರಡು ಮಳೆಗಾಲದ ಹಿಂದೆ, ರಾತ್ರಿ, ಅವನ ಅಜ್ಜನಿಗೆ ಮಾತು ತೊದಲಿತು. ಬಾಯಿ ಒಂದು ಬದಿಗೆ ವಾಲಿತು. ಪಾರ್ಶ್ವವಾಯು. ಆಂಬುಲೆನ್ಸಿಗೆ ಫೋನ್ ಮಾಡಿದ್ರು. ಡ್ರೈವರ್ ಪಾಪ ಹೊರಗಿನವರು, ಫೋನಿನ ನಕ್ಷೆ ನಂಬಿ ಬಂದ್ರು. ನಕ್ಷೆ ತೋರಿಸಿದ ರಸ್ತೆ ತೋಡಿನ ಹತ್ರ ಬಂದು ನಿಂತಿತು. ಮುಂದೆ ಇದ್ದದ್ದು ಕಾಲುಸಂಕ. ನಕ್ಷೆಯಲ್ಲಿ ಮಾತ್ರ ಅದು ವಾಹನ ಹೋಗುವ ರಸ್ತೆ. ಆ ಮಳೆಯಲ್ಲಿ, ಆ ಸಪೂರ ದಾರಿಯಲ್ಲಿ ಗಾಡಿ ತಿರುಗಿಸಿ, ಸುತ್ತಿ ಬಳಸಿ ಬರುವಾಗ ನಲವತ್ತು ನಿಮಿಷ ಹೆಚ್ಚಾಯ್ತು. ರಕ್ತ ಹೆಪ್ಪುಗಟ್ಟಿ ಆಗುವ ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಔಷಧ ಕೊಡ್ಲಿಕ್ಕೆ ಸುಮಾರು ನಾಲ್ಕೂವರೆ ಗಂಟೆಯ ಒಳಗೆ ಆಸ್ಪತ್ರೆ ಸೇರಬೇಕು, ಬೇಗ ಆದಷ್ಟೂ ಒಳ್ಳೆಯದು. ಅಜ್ಜ ಬದುಕಿ ಉಳಿದ್ರು. ಎಡಗೈ ಮಾತ್ರ ಸ್ವಾಧೀನಕ್ಕೆ ಬರ್ಲಿಲ್ಲ.

"ಆ ನಲವತ್ತು ನಿಮಿಷದಿಂದಲೇ ಹಾಗಾಯ್ತಾ ಅಂತ ನನಗೆ ಗೊತ್ತಿಲ್ಲ" ಅಂದ ಅವನು. "ಡಾಕ್ಟ್ರೂ ಹಾಗೆ ಹೇಳ್ಲಿಲ್ಲ. ಆದ್ರೆ ಆ ಗೆರೆ ಯಾರು ಎಳೆದದ್ದು, ಅದನ್ನು ತಿದ್ದುವುದು ಹೇಗೆ ಅಂತ ಹುಡುಕಿದೆ. ಹುಡುಕ್ತಾ ಈ ಓಪನ್‌ಸ್ಟ್ರೀಟ್‌ಮ್ಯಾಪ್ ಸಿಕ್ಕಿತು. ಕಲಿತೆ. ಕಲಿತು ಎಂತ ಮಾಡಿದೆ? ಆ ಒಂದು ಸಂಕ ಹಾಕಿದೆ, ಅಷ್ಟೆ. ಆಮೇಲೆ ಬೂತು, ಸ್ಟಿಕ್ಕರು, ಟೀ ಶರ್ಟು."

ಯಾರೂ ಏನೂ ಹೇಳ್ಲಿಲ್ಲ. ಮಣಿಪಾಲ ನಾಲ್ಕು ಟೀಗೆ ದುಡ್ಡು ಕೊಟ್ಟ.

ಮರುದಿನ ಭಾನುವಾರ ನಮ್ಮ ಮೇಜಿನಲ್ಲಿ ಒಂದು ಬದಲಾವಣೆ ಆಯ್ತು. ಲ್ಯಾಪ್‌ಟಾಪಿನಲ್ಲಿ ಕಾರ್ಕಳದ ಆ ಖಾಲಿ ಜಾಗವನ್ನೇ ತೆರೆದಿಟ್ಟೆವು. ಬಂದವರಿಗೆ, "ಇದು ನಮ್ಮ ಊರು. ನಾವಿನ್ನೂ ಮಾಡಿಲ್ಲ. ಈಗ ಶುರು ಮಾಡ್ತಿದ್ದೇವೆ, ನೀವೂ ನಿಮ್ಮದು ಮಾಡಿ" ಅಂತ ಹೇಳಿದೆವು. ಹಿಂದಿನ ದಿನಕ್ಕಿಂತ ಜನ ಜಾಸ್ತಿ ಹೊತ್ತು ನಿಂತ್ರು. ಗೊತ್ತಿದ್ದವರ ಹಾಗೆ ಮಾತಾಡೋದು ಬಿಟ್ಟ ಮೇಲೆ ಮಾತು ಸಲೀಸಾಯ್ತು.

ಊರಿಗೆ ಬಂದ ಮೇಲೆ

ಸೋಮವಾರ ಬೆಳಿಗ್ಗೆ ಮನೆಗೆ ಬಂದಾಗ ಅಮ್ಮ ಬಾಳೆಲೆಯಲ್ಲಿ ಕಟ್ಟಿಟ್ಟ ಪಂಚಕಜ್ಜಾಯ ಮುಂದಿಟ್ರು. ಮಾತಿಲ್ಲ. ತಿಂದೆ.

ಮರುದಿನ, ಸೆಪ್ಟೆಂಬರ್ 10ಕ್ಕೆ, ಯೂನಿಕೋಡ್ 16 ಬಿಡುಗಡೆ ಆಯ್ತು. ಅದರಲ್ಲಿ ತುಳು-ತಿಗಳಾರಿ ಲಿಪಿಗೆ ಜಾಗ ಸಿಕ್ಕಿತ್ತು. ತಾಳೆಗರಿಯಲ್ಲಿದ್ದ ಅಕ್ಷರಕ್ಕೆ ಕಂಪ್ಯೂಟರಿನಲ್ಲಿ ಒಂದು ವಿಳಾಸ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಪಟಾಕಿ ಇಮೋಜಿಗಳ ಮಳೆ. ಕಾರ್ಕಳ ಮಾತ್ರ ಬರೆದಳು, "ಅಕ್ಷರಕ್ಕೆ ವಿಳಾಸ ಸಿಕ್ಕಿತು. ಆ ಅಮ್ಮನ ಊರಿಗೆ ಯಾವಾಗ?"

ದಸರಾ ರಜೆಯಲ್ಲಿ ಹೊರಟೆವು. ಎರಡು ಬೈಕು, ಒಂದು ನೋಟ್‌ಬುಕ್. ಉಡುಪಿಯಿಂದ ಕಾಪು. ಅಲ್ಲಿಂದ ಪಡುಬಿದ್ರಿ, ಬೆಳ್ಮಣ್, ನಿಟ್ಟೆ ದಾಟಿ ಕಾರ್ಕಳ. ಫೋನಿನಲ್ಲಿ ಸ್ಟ್ರೀಟ್‌ಕಂಪ್ಲೀಟ್ ಅಂತ ಒಂದು ಆ್ಯಪ್. ನಿಂತ ಜಾಗದಲ್ಲೇ ಸಣ್ಣ ಸಣ್ಣ ಪ್ರಶ್ನೆ ಕೇಳ್ತದೆ. ಈ ರಸ್ತೆ ಡಾಂಬರಾ, ಮಣ್ಣಾ? ಈ ಬಸ್ ಸ್ಟಾಪಿಗೆ ಮಾಡು ಉಂಟಾ? ಉತ್ತರ ಕೊಟ್ರೆ ಆಯ್ತು, ಅದು ನಕ್ಷೆಗೆ ಹೋಗ್ತದೆ. ಕೋಡಿಂಗ್ ಬೇಡವೇ ಬೇಡ.

ಎರಡು ನಿಯಮ ನೆನಪಿಡಿ. ಒಂದು, ಬೇರೆ ನಕ್ಷೆ ನೋಡಿ ಕಾಪಿ ಹೊಡೀಬಾರದು. ಅದು ಇನ್ನೊಬ್ಬರ ಆಸ್ತಿ. ಹೋಗಿ ನೋಡಬೇಕು, ಊರಿನವರನ್ನು ಕೇಳಬೇಕು. ಎರಡು, ಮನೆಗಳಿಗೆ ಮನೆಯವರ ಹೆಸರು ಹಾಕಬಾರದು. ಹಾಗಾಗಿ ಆ ಅಮ್ಮನ ತಾಯಿ ಮನೆ ಅಂತ ನಾವು ಎಲ್ಲಿಯೂ ಬರೆದಿಲ್ಲ. ಆದ್ರೆ ಆ ಮನೆ ಕಡೆಗೆ ತಿರುಗುವ ಮಣ್ಣಿನ ದಾರಿ ಈಗ ಉಂಟು. ದಾರಿ ತಿರುಗುವಲ್ಲಿ ಇರುವ ಅಂಗನವಾಡಿ ಉಂಟು, ದೈವಸ್ಥಾನ ಉಂಟು. ತೋಡು ಉಂಟು. ತೋಡಿನ ಮೇಲಿನ ಸಂಕಕ್ಕೆ 'ನಡೆದು ಹೋಗುವವರಿಗೆ ಮಾತ್ರ' ಅಂತ ಗುರುತೂ ಉಂಟು.

ಹೆಸರು ಹಾಕುವಾಗ ಬೇರೆಯೇ ಮಜಾ. ನಮ್ಮ ಊರುಗಳಿಗೆಲ್ಲ ಎರಡೆರಡು ಹೆಸರಲ್ವಾ? ಕನ್ನಡದಲ್ಲಿ ಉಡುಪಿ, ತುಳುವಿನಲ್ಲಿ ಒಡಿಪು. ಕನ್ನಡದಲ್ಲಿ ಕಾರ್ಕಳ, ತುಳುವಿನಲ್ಲಿ ಕಾರ್ಲ. ಕಾಪುವನ್ನಂತೂ ಇಂಗ್ಲಿಷಿನವರು 'ಕೌಪ್' ಮಾಡಿಟ್ಟಿದ್ದಾರೆ. ಈ ನಕ್ಷೆಯಲ್ಲಿ ಒಂದೇ ಊರಿಗೆ ಕನ್ನಡದ ಹೆಸರು, ತುಳುವಿನ ಹೆಸರು ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಬಹುದು. ಯಾವುದು ಸರಿ ಅಂತ ಜಗಳ ಆಡಬೇಕಾಗಿಲ್ಲ.

ನನ್ನದೇ ಓಣಿಯ ಸರದಿ ಕೊನೆಗೆ ಬಂತು. ಮನೆ ಹಿಂದಿನ ಗದ್ದೆ ಬದಿಯ ಕಾಲುದಾರಿಗೆ ಹೆಸರು ಇಲ್ಲ ಅಂತ ಬಿಟ್ಟಿದ್ದೆ. ಅಮ್ಮ ಕನ್ನಡಕ ಹಾಕಿ ಫೋನ್ ನೋಡಿದ್ರು. "ಯಾರು ಹೇಳಿದ್ದು ಇಲ್ಲ ಅಂತ? ಅಜ್ಜಿ ಅದಕ್ಕೊಂದು ಹೆಸರು ಹೇಳ್ತಿದ್ರು" ಅಂತ ಹೇಳಿ, ಪಕ್ಕದ ಮನೆಯವರನ್ನೂ ಕರೆದು ಕೇಳಿ, ಖಾತ್ರಿ ಮಾಡಿಕೊಂಡು, ನನ್ನಿಂದ ಬರೆಸಿದ್ರು. ಆಮೇಲೆ ಕೇಳಿದ್ರು, "ಈಗ ಪೋಸ್ಟಿನವನಿಗೂ ಇದು ಕಾಣ್ತದಾ?" ಕಾಣ್ತದೆ ಅಂದೆ. "ಹಾಂ" ಅಂದ್ರು, ಅಷ್ಟೆ. ಯಾರ ಎಲೆಗೆ ಬೀಳ್ತದೆ ಅಂತ ಮತ್ತೆ ಕೇಳ್ಲಿಲ್ಲ.

ಹಾಗಾಗಿ, ಬೂತಿನಲ್ಲಿ ವಾಲಂಟಿಯರ್ ಆಗಬೇಕು ಅಂತ ಆಸೆ ಇದ್ದವರಿಗೆ ನನ್ನ ಮಾತು: ಖಂಡಿತ ಹೋಗಿ. ಗೆಳೆಯರನ್ನು ಕಟ್ಟಿಕೊಂಡು ಹೋಗಿ, ಒಬ್ಬರೇ ಆದ್ರೆ ಊಟಕ್ಕೆ ಹೋಗ್ಲಿಕ್ಕೂ ಆಗೋದಿಲ್ಲ. ಪಾಳಿ ಹಾಕ್ಕೊಳ್ಳಿ, ನೀರಿನ ಬಾಟ್ಲಿ ಮೇಜಿನ ಕೆಳಗಿಡಿ, ಚಪ್ಪಲಿ ಮೆತ್ತಗಿರ್ಲಿ. ಬಂದವರ ಹತ್ರ ಮೊದಲು ಊರು ಕೇಳಿ, ಕೋಡಿಂಗ್ ಆಮೇಲೆ. ಆದ್ರೆ ಹೋಗುವ ಮೊದಲು ಒಂದು ಸಂಜೆ ನಿಮ್ಮದೇ ಊರಿನಲ್ಲಿ ಆ ಕೆಲಸ ಮಾಡಿ ನೋಡಿ. ಅಲ್ಲಿ ನಿಂತು ಹೇಳುವ ಮಾತಿಗೆ ತೂಕ ಬರುವುದು ಅದರಿಂದ.

ಈ ಸಂಚಿಕೆ ಮುಗಿದ ಮೇಲೆ ಫೋನಿನಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ತೆರೆದು ನಿಮ್ಮ ಮನೆ ದಾರಿ ಹುಡುಕಿ. ಇದ್ರೆ, ಹೆಸರು ಸರಿ ಉಂಟಾ ನೋಡಿ. ಇಲ್ಲದಿದ್ರೆ, ಮನೆಯಲ್ಲಿ ದೊಡ್ಡವರನ್ನು ಕೇಳಿ, ಆ ದಾರಿಗೆ ಎಂತ ಹೆಸರು ಅಂತ. ಹೇಳುವವರು ಇರುವಾಗಲೇ ಕೇಳಿಬಿಡಿ.

ಕಾಪುವಿನ ಅಜ್ಜ ಚೆನ್ನಾಗಿದ್ದಾರೆ. ಮೊನ್ನೆ ಹೋದಾಗ ಜಗಲಿಯಲ್ಲಿ ಕೂತು ಬಲಗೈಯಲ್ಲಿ ತೋರಿಸಿ ಹೇಳಿದ್ರು, "ಆ ಸಂಕ ಈ ವರ್ಷ ಕಾಂಕ್ರೀಟ್ ಮಾಡ್ತಾರಂತೆ. ಮಾಡಿದ್ರೆ ನಿಮ್ಮ ಮ್ಯಾಪಿನಲ್ಲೂ ಬದಲಿಸ್ಲಿಕ್ಕೆ ಮರೀಬೇಡಿ ಮಕ್ಕಳೇ."

ಮರೆಯೋದಿಲ್ಲ ಅಜ್ಜ. ಮುಂದಿನ ವಾರ ಸಿಗುವ. ನಮಸ್ಕಾರ.